ಎರಡನೇ ಭಾಗದ ಪರೀಕ್ಷೆ

ಮಕ್ಕಳ ಕಾರ್ಟೂನ್ ಸಿನಿಮಾ ಒಂದು ಗೆದ್ದರೆ ಅದರ ಬೆನ್ನಿಗೇ ಎರಡನೆಯದು ಹೊರಡುವುದು ಈಗ ವಾಡಿಕೆ. ಎರಡನೆಯದು ಗೆದ್ದರೆ ಮೂರನೆಯದು, ಆಮೇಲೆ ನಾಲ್ಕನೆಯದು. ದೇವದುರ್ಗದಲ್ಲೋ ಮಾನ್ವಿಯಲ್ಲೋ ಒಂದು ಮನೆಯಲ್ಲಿ ಮಗು “ಅಪ್ಪಾ, ಅದರದೇ ಎರಡನೇದು ಬಂದದಂತ, ಕರ್ಕೊಂಡು ಹೋಗು” ಎಂದು ಹಟ ಹಿಡಿದರೆ ತಂದೆಯ ಮುಂದೆ ಒಂದು ಲೆಕ್ಕ ಬಂದು ನಿಲ್ಲುತ್ತದೆ. ರಾಯಚೂರಿಗೆ ಹೋಗಲು ಸುಮಾರು 50 ಕಿ.ಮೀ., ತಿರುಗಿ ಬರಲು ಅಷ್ಟೇ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ತಾಯಿಗೂ ಮಗಳಿಗೂ ಚಾರ್ಜು ಇಲ್ಲ. ಅಪ್ಪನಿಗೂ ಮಗನಿಗೂ ಅದು ತಪ್ಪಿಲ್ಲ. ಸಿನಿಮಾ ಟಿಕೆಟು, ಮಧ್ಯಾಹ್ನದ ಊಟ, ಸಂಜೆಯ ಒಗ್ಗರಣಿ-ಮಿರ್ಚಿ ಎಲ್ಲ ಕೂಡಿಸಿದರೆ ಕೂಲಿ ಮಾಡುವ ಮನೆಗೆ ಎರಡು ಮೂರು ದಿನದ ದುಡಿಮೆ. ಇಷ್ಟು ಖರ್ಚು ಮಾಡಿ ನೋಡುವ ಎರಡನೇ ಭಾಗ ಮೊದಲನೆಯದರ ಸಮಕ್ಕೆ ನಿಲ್ಲುತ್ತದೆಯೇ? ಪ್ರಶ್ನೆ ಚಿಕ್ಕದು, ಆದರೆ ಕಿಸೆಗೆ ಸಂಬಂಧಿಸಿದ್ದು. ಮಗುವಿನ ಮನಸ್ಸಿಗೂ ಸಂಬಂಧಿಸಿದ್ದು.

ಎರಡನೇ ಭಾಗ ಏಕೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಸಿನಿಮಾ ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಸರಿದು ಹೋಗುತ್ತವೆ. ಒಂದೊಂದು ಚಿತ್ರವೂ ನಿಶ್ಚಲ. ಅವನ್ನು ಕೂಡಿಸಿ ಚಲನೆ ಎಂದು ಓದಿಕೊಳ್ಳುವುದು ನಮ್ಮ ಮೆದುಳು. ಒಂದೂವರೆ ಗಂಟೆಯ ಸಿನಿಮಾ ಎಂದರೆ 90 ನಿಮಿಷ, 5,400 ಸೆಕೆಂಡು, ಅಂದರೆ 1,29,600 ಚಿತ್ರಗಳು. ನಟರಿರುವ ಸಿನಿಮಾದಲ್ಲಿ ಇವನ್ನೆಲ್ಲ ಕ್ಯಾಮೆರಾ ತೆಗೆಯುತ್ತದೆ. ಕಾರ್ಟೂನಿನಲ್ಲಿ ಅವನ್ನು ಕೂತು ಸೃಷ್ಟಿಸಬೇಕು. ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಪ್ರತಿ ಸಿನಿಮಾಕ್ಕೂ ಬಹುಪಾಲನ್ನು ಹೊಸದಾಗಿ ಬರೆಯಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ ಒಂದು ಅನುಕೂಲವಾಯಿತು. ನಾಯಕನ ಆಕಾರ, ಕೀಲುಗಳು, ಮುಖಭಾವಗಳನ್ನು ಒಮ್ಮೆ ಕಟ್ಟಿಟ್ಟರೆ ಮುಂದಿನ ಸಿನಿಮಾದವರಿಗೆ ಅಷ್ಟು ಕೆಲಸ ಹಗುರ.

ನಮ್ಮ ಭಾಗದ ಕಿಳ್ಳೇಕ್ಯಾತರಿಗೆ ಈ ಗುಟ್ಟು ಎಂದೋ ಗೊತ್ತಿತ್ತು. ತೊಗಲು ಗೊಂಬೆಯಾಟದಲ್ಲಿ ಒಮ್ಮೆ ಕೊರೆದು ಬಣ್ಣ ಹಚ್ಚಿದ ಗೊಂಬೆ ಒಂದು ರಾತ್ರಿಗೆ ಮುಗಿಯುವುದಿಲ್ಲ. ಪ್ರಸಂಗದಿಂದ ಪ್ರಸಂಗಕ್ಕೆ ಸಾಗುತ್ತದೆ. ಆದರೆ ಅವರು ಇನ್ನೊಂದನ್ನೂ ತಿಳಿದಿದ್ದರು. ಒಂದೇ ಪಾತ್ರಕ್ಕೆ ಸಂದರ್ಭ ಬದಲಾದಂತೆ ಬೇರೆ ಗೊಂಬೆಯನ್ನೂ ಮಾಡಿಟ್ಟುಕೊಳ್ಳುತ್ತಿದ್ದರು. ಪಟ್ಟದಲ್ಲಿ ಕೂತವನೇ ಕಾಡಿಗೆ ಹೊರಟಾಗ ಅದೇ ಗೊಂಬೆ ಸಾಲದು. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ವಿಷಯ ಸುಲಭ.

ಖರ್ಚಿನ ಅನುಕೂಲಕ್ಕಿಂತ ದೊಡ್ಡದು ವ್ಯಾಪಾರದ ಅನುಕೂಲ. ಹೊಸ ಕಥೆಯ ಹೆಸರನ್ನು ಜನರಿಗೆ ಪರಿಚಯಿಸಲು ಬಹಳ ಹಣ ಬೇಕು. ಗೆದ್ದ ಸಿನಿಮಾದ ಹೆಸರು ಮಕ್ಕಳ ಬಾಯಲ್ಲೇ ಇರುತ್ತದೆ. ಅಮೆರಿಕದ ಡಿಸ್ನಿ ಕಂಪನಿ ಇದನ್ನು ಬಹಳ ಅಗ್ಗವಾಗಿ ಬಳಸಿಕೊಂಡಿತು. 1992ರಲ್ಲಿ ಗೆದ್ದ ‘ಅಲಾದ್ದೀನ್’ ಚಿತ್ರಕ್ಕೆ 1994ರಲ್ಲಿ ‘ದ ರಿಟರ್ನ್ ಆಫ್ ಜಾಫರ್’ ಎಂಬ ಮುಂದಿನ ಭಾಗ ತಂದಿತು. ಥಿಯೇಟರಿಗಲ್ಲ, ನೇರವಾಗಿ ವಿಡಿಯೊ ಕ್ಯಾಸೆಟ್ಟಿಗೆ. 1994ರ ‘ಲಯನ್ ಕಿಂಗ್’ ಚಿತ್ರಕ್ಕೆ 1998ರಲ್ಲಿ ಹಾಗೆಯೇ ಕ್ಯಾಸೆಟ್ಟಿನ ತಮ್ಮ ಹುಟ್ಟಿದ. ಕ್ಯಾಸೆಟ್ಟುಗಳು ಚೆನ್ನಾಗಿ ಮಾರಾಟವಾದವು. ಆದರೆ ಮೂಲದ ಚಿತ್ರಗಳಲ್ಲಿದ್ದ ಬಣ್ಣದ ಸಿರಿಯಾಗಲಿ, ಕಥೆಯ ಭಾರವಾಗಲಿ ಅವುಗಳಲ್ಲಿ ಕಾಣಲಿಲ್ಲ. 2006ರಲ್ಲಿ ಡಿಸ್ನಿಯು ಪಿಕ್ಸಾರ್ ಕಂಪನಿಯನ್ನು ಕೊಂಡಿತು; ಮರುವರ್ಷ ಇಂಥ ಅಗ್ಗದ ಎರಡನೇ ಭಾಗಗಳನ್ನು ನಿಲ್ಲಿಸುವ ತೀರ್ಮಾನವಾಯಿತು.

ಆ ಪಿಕ್ಸಾರ್ ಕಂಪನಿಯ ಕಥೆಯಲ್ಲೇ ಒಂದು ಪಾಠವಿದೆ. 1995ರಲ್ಲಿ ಅದು ತೆರೆಗೆ ತಂದ ‘ಟಾಯ್ ಸ್ಟೋರಿ’ ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ. ಅದರ ಎರಡನೇ ಭಾಗವೂ ಮೊದಲು ಕ್ಯಾಸೆಟ್ಟಿಗೆಂದೇ ಶುರುವಾಗಿತ್ತು. ಕೆಲಸ ನಡೆದಿದ್ದಾಗ 1998ರಲ್ಲಿ ಯಾರೋ ಒತ್ತಿದ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಕಂಪ್ಯೂಟರಿನಿಂದ ಅಳಿಸಿಹೋಯಿತು. ಮುನ್ನೆಚ್ಚರಿಕೆಗೆಂದು ಇಟ್ಟಿದ್ದ ಪ್ರತಿಯೂ ಕೈಕೊಟ್ಟಿತ್ತು. ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸುಸ್ಮನ್ ಬಾಣಂತಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಸಿಕ್ಕಿ ಚಿತ್ರ ಉಳಿಯಿತು. ಸ್ವಾರಸ್ಯ ಇರುವುದು ಇದರ ಮುಂದೆ. ಹಾಗೆ ಕಷ್ಟಪಟ್ಟು ಉಳಿಸಿಕೊಂಡದ್ದನ್ನು ನೋಡಿದಾಗ ಕಥೆಯೇ ಸರಿಯಿಲ್ಲ ಎಂದು ತಯಾರಕರಿಗೆ ಅನ್ನಿಸಿತು. ಬಹುಪಾಲನ್ನು ಬಿಸಾಡಿ, ಸುಮಾರು 9 ತಿಂಗಳಲ್ಲಿ ಹೊಸದಾಗಿ ಕಟ್ಟಿದರು. ಯಂತ್ರ ಕಳೆದದ್ದನ್ನು ಯಂತ್ರ ತಂದುಕೊಟ್ಟಿತು. ಕಥೆಯಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ತಂದುಕೊಡಲಿಲ್ಲ.

ಹಾಗೆ 1999ರಲ್ಲಿ ಬಂದ ಎರಡನೇ ಭಾಗ ಮೊದಲನೆಯದಕ್ಕೆ ಹೆಗಲೆಣೆಯಾಗಿ ನಿಂತಿತು. ಕಾರಣ ಸ್ಪಷ್ಟ. ಮೊದಲ ಭಾಗದ ಗೊಂಬೆಯ ಚಿಂತೆ ಹೊಸ ಗೊಂಬೆ ಬಂದರೆ ತನ್ನ ಜಾಗ ಹೋದೀತೆಂಬುದು. ಎರಡನೇ ಭಾಗದಲ್ಲಿ ಪ್ರಶ್ನೆ ಬದಲಾಯಿತು. ಇಂದು ಆಡುವ ಮಗು ನಾಳೆ ಬೆಳೆದು ಗೊಂಬೆಯನ್ನು ಮರೆಯುತ್ತದೆ. ಹಾಗಾದರೆ ಕೆಲವು ವರ್ಷದ ಪ್ರೀತಿ ಲೇಸೋ, ಗಾಜಿನ ಪೆಟ್ಟಿಗೆಯಲ್ಲಿ ಚಿರಕಾಲ ಕೂರುವುದು ಲೇಸೋ? 2010ರ ಮೂರನೇ ಭಾಗದಲ್ಲಿ ಆ ಹುಡುಗ 17 ವರ್ಷದವನಾಗಿ ಕಾಲೇಜಿಗೆ ಹೊರಡುತ್ತಾನೆ. 1995ರಲ್ಲಿ ಮೊದಲ ಭಾಗ ನೋಡಿದ್ದ ಮಕ್ಕಳೂ ಅಷ್ಟರಲ್ಲಿ ಬೆಳೆದಿದ್ದರು. ಚಿತ್ರದ ಜೊತೆ ನೋಡುವವರ ವಯಸ್ಸೂ ನಡೆದುಬಂದಿತ್ತು. ಮೂರನೇ ಭಾಗಕ್ಕೆ ಆಸ್ಕರ್ ಸಿಕ್ಕಿತು ಎಂಬುದು ಆಮೇಲಿನ ಮಾತು.

ಅದೇ ಕಂಪನಿ ಎಡವಿದ್ದೂ ಉಂಟು. ‘ಕಾರ್ಸ್’ ಚಿತ್ರದ 2011ರ ಎರಡನೇ ಭಾಗದಲ್ಲಿ ಮೊದಲ ಭಾಗದ ನಗಿಸುವ ಜೊತೆಗಾರನನ್ನೇ ನಾಯಕನ ಪೀಠದಲ್ಲಿ ಕೂರಿಸಿ ಪತ್ತೇದಾರಿ ಕಥೆ ಹೆಣೆದರು. ಒಗ್ಗರಣೆ ರುಚಿಯಾಗಿತ್ತೆಂದು ಸಾರನ್ನು ಬಿಟ್ಟು ಒಗ್ಗರಣೆಯನ್ನೇ ಬಡಿಸಿದಂತಾಯಿತು. ವಿಮರ್ಶಕರು ಅಲ್ಲಿಯವರೆಗೆ ಪಿಕ್ಸಾರಿನ ಯಾವ ಚಿತ್ರವನ್ನೂ ಅಷ್ಟು ಟೀಕಿಸಿರಲಿಲ್ಲ.

ಗಳಿಕೆಯನ್ನು ಅಳತೆಗೋಲು ಮಾಡಬಹುದಲ್ಲ ಎಂದು ಕೆಲವರು ಕೇಳಬಹುದು. 2024ರಲ್ಲಿ ‘ಇನ್‌ಸೈಡ್ ಔಟ್’ ಹಾಗೂ ‘ಮೊವಾನಾ’ ಎರಡರ ಮುಂದಿನ ಭಾಗಗಳೂ ಬಂದವು, ಎರಡೂ 100 ಕೋಟಿ ಡಾಲರ್ ದಾಟಿ ಗಳಿಸಿದವು. ‘ಮೊವಾನಾ’ದ ಎರಡನೆಯದು ಮೊದಲು ಕಂತುಗಳ ಧಾರಾವಾಹಿಯಾಗಿ ಶುರುವಾಗಿ ಆಮೇಲೆ ಸಿನಿಮಾ ಆದದ್ದು, ಕಂತುಗಳ ಹೊಲಿಗೆ ಅಲ್ಲಲ್ಲಿ ಕಾಣುತ್ತದೆ. ‘ಇನ್‌ಸೈಡ್ ಔಟ್’ ಹಾಗಲ್ಲ. 2015ರ ಮೊದಲ ಭಾಗದಲ್ಲಿ 11 ವರ್ಷದ ಹುಡುಗಿಯ ತಲೆಯೊಳಗೆ ಖುಷಿ, ದುಃಖ, ಸಿಟ್ಟು, ಹೆದರಿಕೆ, ಅಸಹ್ಯ ಎಂಬ ಐವರು ಕೂತಿದ್ದರು. ಎರಡನೆಯದರಲ್ಲಿ ಅವಳಿಗೆ 13 ತುಂಬುತ್ತದೆ. ಆತಂಕ ಎಂಬ ಹೊಸ ಅತಿಥಿ ಬಂದು ಇಡೀ ಮನೆಯನ್ನೇ ವಶಕ್ಕೆ ತೆಗೆದುಕೊಳ್ಳುತ್ತಾಳೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳುವ ಮಗು ಇರುವ ಯಾವ ಮನೆಗೂ ಆ ಅತಿಥಿಯ ಪರಿಚಯ ಬೇಕಿಲ್ಲ. ಎರಡೂ 100 ಕೋಟಿ ಡಾಲರ್ ದಾಟಿದರೂ ಮಗು ಮನೆಗೆ ಹೊತ್ತು ತಂದದ್ದು ಒಂದೇ ಅಲ್ಲ. ಗಲ್ಲಾಪೆಟ್ಟಿಗೆಯ ತಕ್ಕಡಿಯಲ್ಲಿ ಈ ವ್ಯತ್ಯಾಸ ತೂಗುವುದಿಲ್ಲ.

ನಮ್ಮ ದೇಶಕ್ಕೆ ಬರೋಣ. 2005ರ ಹಿಂದಿ ‘ಹನುಮಾನ್’ ಮಕ್ಕಳನ್ನು ಥಿಯೇಟರಿಗೆ ಎಳೆದ ಭಾರತೀಯ ಅನಿಮೇಷನ್ ಚಿತ್ರ. 2007ರಲ್ಲಿ ಅನುರಾಗ್ ಕಶ್ಯಪ್ ನಿರ್ದೇಶನದಲ್ಲಿ ‘ರಿಟರ್ನ್ ಆಫ್ ಹನುಮಾನ್’ ಬಂತು. ಅಲ್ಲಿ ಹನುಮಂತ ಈ ಕಾಲದಲ್ಲಿ ಮಾರುತಿ ಎಂಬ ಬಾಲಕನಾಗಿ ಹುಟ್ಟಿ ಶಾಲೆಗೆ ಹೋಗುತ್ತಾನೆ. ಹಳೆಯದನ್ನೇ ಮತ್ತೆ ಹೇಳದ ಧೈರ್ಯ ಮೆಚ್ಚುವಂಥದ್ದು. ಆದರೆ ನಗೆಚಾಟಿಕೆಗಳ ಗುಂಪಿನಲ್ಲಿ ಕಥೆ ದಾರಿ ತಪ್ಪಿತು. ಮೊದಲನೆಯದರ ಭಕ್ತಿಯೂ ಉಳಿಯಲಿಲ್ಲ, ಹೊಸದರ ಗಟ್ಟಿತನವೂ ಬರಲಿಲ್ಲ. ಹೊಸತನ ಒಂದಿದ್ದರೆ ಸಾಕು ಎನ್ನುವವರಿಗೆ ಇದು ಉತ್ತರ.

ರಾಯಚೂರು ಸೀಮೆಯ ಮಕ್ಕಳಿಗೆ ಇನ್ನೊಂದು ತೊಡಕಿತ್ತು, ಅದು ಭಾಷೆಯದು. 1960ರ ದಶಕದ ಚಳವಳಿಯ ನಂತರ ಕನ್ನಡಕ್ಕೆ ಡಬ್ಬಿಂಗ್ ನಿಂತುಹೋಗಿತ್ತು. ಹೀಗಾಗಿ ಗಡಿಯ ಈ ಜಿಲ್ಲೆಯಲ್ಲಿ ಮಗು ಪರದೇಶದ ಕಾರ್ಟೂನನ್ನು ನೋಡಿದರೆ ಹಿಂದಿಯಲ್ಲಿ, ಇಲ್ಲವೇ ತೆಲುಗಿನಲ್ಲಿ. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನು ಮನೆಯೊಳಗೆ ಕನ್ನಡ ಮಾತಾಡಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶ ಕೊಟ್ಟ ಮೇಲೆ ಥಿಯೇಟರಿನ ಬಾಗಿಲೂ ಮೆಲ್ಲಗೆ ತೆರೆಯಿತು. ಡಬ್ಬಿಂಗ್ ಕುರಿತ ವಾದ-ವಿವಾದ ಏನೇ ಇರಲಿ, ಏಳು ವರ್ಷದ ಮಗುವಿಗೆ ತನ್ನ ಮಾತಿನಲ್ಲಿ ಕಥೆ ಕೇಳುವ ಹಕ್ಕು ಇದೆಯೆಂಬುದನ್ನು ಅಲ್ಲಗಳೆಯುವುದು ಕಷ್ಟ.

2025ರ ಜುಲೈನಲ್ಲಿ ಬಂದ ‘ಮಹಾವತಾರ ನರಸಿಂಹ’ ಈ ದೃಷ್ಟಿಯಿಂದ ಮುಖ್ಯ. ಅಶ್ವಿನ್ ಕುಮಾರ್ ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಚಿತ್ರ ಕನ್ನಡದಲ್ಲೂ ತೆರೆ ಕಂಡಿತು. ಭಾರತದ ಅನಿಮೇಷನ್ ಚಿತ್ರಗಳಲ್ಲಿ ಅಲ್ಲಿಯವರೆಗೆ ಯಾವುದೂ ಕಾಣದ ಗಳಿಕೆ ಕಂಡಿತು. ಈ ಚಿತ್ರಕ್ಕೆ ಕರ್ನಾಟಕದಲ್ಲಿ ಮೊದಲೇ ಒಂದು ‘ಮೊದಲನೇ ಭಾಗ’ ಇತ್ತೆನ್ನಬೇಕು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾಗಿ ಗರ್ಜಿಸಿದ ರಾಜಕುಮಾರ್, ಪ್ರಹ್ಲಾದನಾಗಿ ನಿಂತ ಬಾಲಕ ಪುನೀತ್ ಅಪ್ಪ-ಅಮ್ಮಂದಿರ ಕಣ್ಣಲ್ಲಿ ಇನ್ನೂ ಮಾಸಿಲ್ಲ. ರಾಯಚೂರಿಗೆ ಹತ್ತಿರದ ಮಂತ್ರಾಲಯದ ರಾಯರನ್ನು ಪ್ರಹ್ಲಾದನ ಅವತಾರವೆಂದು ನಂಬಿದ ಜನರಿಗಂತೂ ಅದು ಮನೆಯ ಕಥೆ. ಕಥೆ ಗೊತ್ತಿದ್ದೂ ಜನ ಹೋದರು, ಮೆಚ್ಚಿದರು. ಗೊತ್ತಿರುವ ಕಥೆ ಎಂಬುದು ಅಡ್ಡಿಯಲ್ಲ ಎಂದಾಯಿತು.

ಇದರ ತಯಾರಕರು ಎರಡೆರಡು ವರ್ಷಕ್ಕೊಂದರಂತೆ 2037ರವರೆಗೆ ಒಟ್ಟು ಏಳು ಚಿತ್ರಗಳ ಯೋಜನೆಯನ್ನು 2025ರಲ್ಲೇ ಪ್ರಕಟಿಸಿದರು. ಅದರಂತೆ ಎರಡನೆಯದು 2027ಕ್ಕೆ, ಪರಶುರಾಮನ ಕಥೆ. ನಿಜವಾದ ಪರೀಕ್ಷೆ ಇಲ್ಲಿದೆ. ಪ್ರಹ್ಲಾದನ ಕಥೆಯಲ್ಲಿ ತಪ್ಪು ಮಾಡುವವನು ತಂದೆ, ಗೆಲ್ಲುವವನು ಮಗು. ನೋಡುವ ಮಗುವಿಗೆ ಯಾರ ಪಕ್ಷ ಎಂಬ ಗೊಂದಲವಿಲ್ಲ. ಪರಶುರಾಮನ ಕಥೆಯಲ್ಲಿ ತಂದೆಯ ಮಾತಿಗೆ ಮಗ ತಾಯಿಯ ತಲೆ ಕಡಿಯುತ್ತಾನೆ. ಆ ತಾಯಿ ರೇಣುಕೆ; ಈ ಸೀಮೆಯ ಎಷ್ಟೋ ಮನೆಗಳ ಎಲ್ಲಮ್ಮ. “ಅವ್ವನ್ನ ಯಾಕ ಕಡಿದ?” ಎಂದು ಮಗು ಕತ್ತಲಲ್ಲಿ ಕೇಳಿದರೆ ಪಕ್ಕದ ಕುರ್ಚಿಯ ತಾಯಿ ಏನು ಹೇಳಬೇಕು? ಮೊದಲನೆಯದರ ಆರ್ಭಟವನ್ನೇ ಇಮ್ಮಡಿ ಮಾಡಿದರೆ ಈ ಪ್ರಶ್ನೆಗೆ ಉತ್ತರ ಸಿಗದು. ಕಾರ್ಟೂನು ಎಂದ ಮಾತ್ರಕ್ಕೆ ಎಲ್ಲ ಮಕ್ಕಳಿಗೂ ತಕ್ಕುದೆಂದು ತಿಳಿಯಬಾರದು. 2024ರ ಹೊಸ ನಿಯಮದಂತೆ ಸೆನ್ಸಾರ್ ಪ್ರಮಾಣಪತ್ರದಲ್ಲಿ ಯುಎ 7+, 13+, 16+ ಎಂದು ವಯಸ್ಸಿನ ಗುರುತು ಇರುತ್ತದೆ. ಬಸ್ಸು ಹತ್ತುವ ಮೊದಲು ಅದನ್ನೊಮ್ಮೆ ನೋಡುವುದು ಒಳ್ಳೆಯದು.

ಮುಂದುವರಿಸುವ ಕಲೆ ಕಲಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ. ಪುರಂದರದಾಸರು 16ನೇ ಶತಮಾನದವರು. ಅವರ ದಾರಿಯನ್ನು 18ನೇ ಶತಮಾನದಲ್ಲಿ ಮುಂದುವರಿಸಿದವರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು. ಜಗನ್ನಾಥದಾಸರು ಕೀರ್ತನೆಗಳನ್ನಷ್ಟೇ ಹೆಚ್ಚಿಸುತ್ತ ಕೂರಲಿಲ್ಲ. ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ಕಟ್ಟಿದರು. ದೇವರು ಅದೇ, ದಾರಿ ಅದೇ, ಹೇಳುವ ಬಗೆ ತಮ್ಮದು. ಅವರನ್ನು ಯಾರೂ ‘ಪುರಂದರದಾಸರು, ಭಾಗ ಎರಡು’ ಎನ್ನಲಿಲ್ಲ.

ಹಾಗೆಂದು ಮಕ್ಕಳ ಪಕ್ಷವನ್ನೂ ಮರೆಯಬಾರದು. ಚಿಕ್ಕ ಮಗುವಿಗೆ ಕೇಳಿದ್ದನ್ನೇ ಕೇಳುವ ಆಸೆ. ಕಾಗಕ್ಕ-ಗುಬ್ಬಕ್ಕನ ಕಥೆಯನ್ನು ಅಜ್ಜಿ ನೂರನೇ ಸಲ ಹೇಳುವಾಗ ಒಂದು ಮಾತು ಬಿಟ್ಟರೂ ಅದು ತಿದ್ದುತ್ತದೆ. ಅಂಥ ಮಗುವಿಗೆ ಎರಡನೇ ಭಾಗ ಹೊಸದಾಗಿರಬೇಕೆಂದಿಲ್ಲ, ಪರಿಚಿತವಾಗಿದ್ದರೆ ಸಾಕು. ಆದರೆ ಪರಿಚಿತವೇ ಸಾಕೆಂದರೆ ಮೊದಲನೆಯದನ್ನೇ ಮನೆಯಲ್ಲಿ ಇನ್ನೊಮ್ಮೆ ನೋಡಬಹುದು. ರಾಯಚೂರಿಗೆ ಹೋಗಿಬರುವ ಖರ್ಚು ಉಳಿಯುತ್ತದೆ.

ತಂದೆ-ತಾಯಿಗೆ ಅಳತೆಗೋಲು ಬೇಕಿದ್ದರೆ ಮೂರು ಪ್ರಶ್ನೆ ಸಾಕು. ಮೊದಲ ಭಾಗ ಮುಗಿದಾಗ ಹೇಳದೆ ಉಳಿದ ಮಾತೇನಾದರೂ ಇತ್ತೇ? ನಾಯಕ ಈ ನಡುವೆ ಬೆಳೆದಿದ್ದಾನೆಯೇ, ಇಲ್ಲವೇ ಗೆದ್ದ ಅಂಗಿಯನ್ನೇ ತೊಟ್ಟು ಮತ್ತೆ ಬಂದಿದ್ದಾನೆಯೇ? ಮೊದಲನೆಯದನ್ನು ನೋಡದ ಮಗುವಿಗೂ ಇದು ತಿಳಿದೀತೇ? ಮೂರಕ್ಕೂ ಹೌದೆಂದು ತೋರಿದರೆ ಮಗುವಿನ ಕೈ ಹಿಡಿದು ಬಸ್ಸು ಹತ್ತಬಹುದು. ಮೂರಕ್ಕೂ ಇಲ್ಲವೆಂದಾದರೆ ಮಗುವಿಗೆ ಕಾರಣ ಹೇಳಿ, ಆ ದುಡ್ಡಿನಲ್ಲಿ ಒಂದು ಕಥೆಪುಸ್ತಕ ಕೊಡಿಸಬಹುದು. ಮುಂದೆ ಏನಾಯಿತು ಎಂಬುದನ್ನು ಮಗುವೇ ಕಟ್ಟಿ ಹೇಳಿದರೂ ಹೇಳೀತು. ಆ ಎರಡನೇ ಭಾಗಕ್ಕೆ ಟಿಕೆಟ್ ಇಲ್ಲ.