ಬಿಡುವಿಲ್ಲದವರ ಹಿತ್ತಿಲು
ರಾಣೆಬೆನ್ನೂರಿನ ಸುತ್ತಣ ಹೊಲಗಳಲ್ಲಿ ಹೂವಿನ ಕೇಸರವನ್ನು ಬಿಡಿಸಿ, ಅನ್ಯ ತಳಿಯ ಪರಾಗವನ್ನು ಕೈಯಿಂದಲೇ ಲೇಪಿಸಿ, ಟೊಮ್ಯಾಟೊ ಮೆಣಸಿನಕಾಯಿಗಳ ಸಂಕರಬೀಜವನ್ನು ಸಿದ್ಧಪಡಿಸುವ ಸ್ತ್ರೀಯರಿಗೂ, ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿಯುವವರಿಗೂ, ಹಾವೇರಿಯ ಕಚೇರಿಗಳಿಗೆ ಬೆಳಗಿನ ಬಸ್ಸು ಹಿಡಿಯುವವರಿಗೂ ಸ್ವಗೃಹದ ಹಿತ್ತಿಲಲ್ಲಿ ಮತ್ತೊಂದು ಸಸಿಯ ಶುಶ್ರೂಷೆಗೆ ವ್ಯವಧಾನವೆಲ್ಲಿಯದು? ಇಂಥ ಮನೆಗಳಿಗೆ ಯೋಗ್ಯವಾದವು ಆರೈಕೆಯನ್ನು ಯಾಚಿಸದ ಸಸ್ಯಗಳೇ ಹೊರತು, ಆಸರೆಗೋಲನ್ನೂ ಔಷಧಸಿಂಚನವನ್ನೂ ಬಯಸುವ ಟೊಮ್ಯಾಟೊವಲ್ಲ. ನುಗ್ಗೆಯನ್ನೇ ನೋಡಿರಿ: ಒಂದು ಬಲಿತ ಕೊಂಬೆಯನ್ನು ನೆಟ್ಟರೆ ಚಿಗುರುವುದು, ಬೇರು ಹಿಡಿದ ಮೇಲೆ ಅನಾವೃಷ್ಟಿಯನ್ನೂ ಸಹಿಸಿ ಸೊಪ್ಪು, ಹೂ, ಕಾಯಿ ಮೂರನ್ನೂ ಅಡುಗೆಮನೆಗೆ ಒದಗಿಸುವುದು, ಆದರೆ ನೀರು ನಿಂತಲ್ಲಿ ಬೇರು ಕೊಳೆಯುವ ಸ್ವಭಾವವುಳ್ಳುದಾದ ಕಾರಣ ಈ ಸೀಮೆಯ ಎರೆಮಣ್ಣಿನಲ್ಲಿ ಅದನ್ನು ದಿಬ್ಬದ ಮೇಲೆಯೇ ನೆಡತಕ್ಕದ್ದು, ಕೊಯ್ಲು ಮುಗಿದೊಡನೆ ನಿರ್ದಾಕ್ಷಿಣ್ಯವಾಗಿ ಸವರತಕ್ಕದ್ದು, ಇಲ್ಲವಾದರೆ ಕಾಯಿಗಳು ನೆರೆಮನೆಯ ಮಾಳಿಗೆಯವರಿಗೆ ಮಾತ್ರ ನಿಲುಕುವುವು. ಬಚ್ಚಲ ನೀರು ಹರಿಯುವ ಮಗ್ಗುಲಲ್ಲಿ ಬಸಳೆಯದೊಂದು, ತೊಂಡೆಯದೊಂದು ಕಡ್ಡಿಯನ್ನು ಊರಿದರೆ ಸಾಕು. ಬಸಳೆಯಂತೂ ಕೊಯ್ದಷ್ಟೂ ಕವಲೊಡೆಯುವುದು. ಚವಳಿಕಾಯಿಯ ಗಿಡವೋ, ಬೇರುಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಾಣುಗಳ ನೆರವಿನಿಂದ ವಾಯುವಿನ ಸಾರಜನಕವನ್ನು ತಾನೇ ಸಂಪಾದಿಸಿಕೊಳ್ಳುವ ಸ್ವಾವಲಂಬಿ. ಅದಕ್ಕೆ ಗೊಬ್ಬರ ಅಲ್ಪವೇ ಸಾಕು. ಬೀಜದ ಊರಿನಲ್ಲಿರುವೆವೆಂದು ಹಿತ್ತಿಲಿಗೂ ಸಂಕರಬೀಜದ ಪೊಟ್ಟಣವನ್ನೇ ತರಬೇಡಿರಿ, ಅದರ ಫಲದಿಂದ ತೆಗೆದ ಬೀಜ ಮರುವರ್ಷ ಅದೇ ಗುಣವನ್ನು ತೋರುವುದಿಲ್ಲ. ಜವಾರಿ ಚವಳಿಯ ನಾಲ್ಕು ಕಾಯಿಗಳನ್ನು ಗಿಡದಲ್ಲಿಯೇ ಒಣಗಲು ಬಿಟ್ಟು, ಆ ಬೀಜವನ್ನು ಬರುವ ಮೃಗಶಿರಾ ಮಳೆಗೆ ಬಿತ್ತಿರಿ.