ಗೊತ್ತಿರಲಿಲ್ಲವಂತೆ!

ಹೋಟ್ಲಲ್ಲಿ ನಮಗೆ ಲೋಟ ಬೇರೆ ಇಡುವಾಗ ಇವರಿಗೆ ನಮ್ಮ ಜಾತಿ ಗೊತ್ತು. ಕೊಲೆ ಮಾಡಿ ಕಟಕಟೆ ಹತ್ತಿದರೆ ಮಾತ್ರ ಗೊತ್ತಿಲ್ಲ! 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಇಂಥ ಘೋರ ಅಪರಾಧಕ್ಕೆ ಜೀವಾವಧಿ ಇದೆ. ಆದರೆ ದಲಿತ ಎಂಬ ಕಾರಣಕ್ಕೇ ಮಾಡಿದ್ದು ಅಂತ ರುಜುವಾತು ಬೇಕಿತ್ತು. ಕೊಂದವನ ಎದೆಯೊಳಗಿಂದ ಸಾಕ್ಷಿ ತರೋದು ಹೇಗೆ ಸ್ವಾಮಿ? 2006ರಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಒಂದೇ ಮನೆಯ ನಾಲ್ವರನ್ನು ಕೊಂದರು. 2010ರಲ್ಲಿ ಹೈಕೋರ್ಟು ಅದು ಜಾತಿಯಲ್ಲ, ಸೇಡು ಎಂದಿತು. ಸೇಡಿಗೆ ಜಾತಿ ಇಲ್ಲವೆ?

2015ರ ತಿದ್ದುಪಡಿಯಿಂದ ಜಾತಿ ತಿಳಿದಿದ್ದರೆ ಸಾಕು. ಪರಿಚಯವಿದ್ದವನಿಗೆ ಅದು ತಿಳಿದಿತ್ತೆಂದೇ ಕೋರ್ಟು ಭಾವಿಸಬೇಕು. ಇಲ್ಲವೆಂದು ಅವನೇ ತೋರಿಸಲಿ. ಒಂದೇ ಊರಲ್ಲಿ ಯಾರಿಗೆ ಯಾರ ಕೇರಿ ತಿಳಿಯದು?

ಬಂಧುಗಳೇ, ದೂರಿನಲ್ಲಿ ಆ ಪರಿಚಯವನ್ನು ಬರೆಸಿ. ಬರೆದದ್ದನ್ನು ಓದಿ ಹೇಳುವುದು ಪೊಲೀಸರ ಕರ್ತವ್ಯ, ಕಾಯ್ದೆಯ 4ನೇ ಕಲಂ. ಓದಿಸದೆ ರುಜು ಹಾಕಬೇಡಿ.