ಮಹಾಮಾರಿ ಬಂದಾಗ ಔಷಧಿಯ ಲೆಕ್ಕ ಮುಚ್ಚಿಡಬಾರದು

2020ರ ಏಪ್ರಿಲ್ ಮೊದಲ ವಾರ, ಲಾಕ್‌ಡೌನ್ ಇದ್ದ ದಿನಗಳು. ಕುಷ್ಟಗಿ ತಾಲ್ಲೂಕಿನ ಒಬ್ಬ ತಾಯಿ ಫೋನ್ ಮಾಡಿ, ‘ಸಾಹೇಬ್ರ, ಆ ಗುಳಿಗಿ ಎಲ್ಲೂ ಸಿಗವಲ್ದ್ರಿ. ಮುಂಜಾನೆ ಎದ್ರ ಬೆರಳು ಮಡಚಾಕ ಬರಂಗಿಲ್ಲ’ ಎಂದರು. ಕೀಲುವಾತದ ಅವರು ಮೂರು ವರ್ಷಗಳಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ನುಂಗುತ್ತಿದ್ದರು. ಕೊರೊನಾಕ್ಕೂ ಇದೇ ಮದ್ದು ಎಂಬ ಸುದ್ದಿ ಹಬ್ಬಿದ್ದೇ ತಡ, ನಾನು ವಿಚಾರಿಸಿದ ಅಂಗಡಿಗಳಲ್ಲೆಲ್ಲ ಅದು ಖಾಲಿ. ಆರೋಗ್ಯವಂತರ ಕಪಾಟು ಸೇರಿದ್ದ ಆ ಗುಳಿಗೆ ಕೊರೊನಾ ರೋಗಿಗಳಿಗೆ ಉಪಯೋಗವಿಲ್ಲವೆಂದು ಅದೇ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಆದರೆ ನಿಜವಾಗಿ ಬೇಕಿದ್ದ ಆ ತಾಯಿ ನೋವು ತಿಂದದ್ದು ತಿಂದದ್ದೇ.

ಅಂಗಡಿ ಖಾಲಿಯಾದದ್ದಕ್ಕೂ ಜಗತ್ತಿನ ವ್ಯಾಪಾರಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಈ ಗುಳಿಗೆಯ ರಫ್ತನ್ನು ನಮ್ಮ ಸರ್ಕಾರ ಮಾರ್ಚ್ 25ರಂದು ನಿರ್ಬಂಧಿಸಿತು, ಏಪ್ರಿಲ್ 4ರಂದು ಪೂರ್ತಿ ನಿಲ್ಲಿಸಿತು, ಕೆಲವೇ ದಿನಗಳಲ್ಲಿ ಸಡಿಲಿಸಿ ಅಮೆರಿಕ ಮೊದಲಾದ ದೇಶಗಳಿಗೆ ಕಳಿಸಿತು. ದೇಶದಲ್ಲಿ ಎಷ್ಟು ದಾಸ್ತಾನಿದೆ, ಯಾವ ಜಿಲ್ಲೆಗೆ ಎಷ್ಟು ಬರುತ್ತದೆ ಎಂಬುದು ಮಾತ್ರ ನಮ್ಮಂಥ ವೈದ್ಯರಿಗೂ ತಿಳಿಯಲಿಲ್ಲ. ಲೆಕ್ಕ ಕಾಣದಿದ್ದಾಗ ಭಯ ಹುಟ್ಟುತ್ತದೆ. ಭಯ ಹುಟ್ಟಿದಾಗ ಜನ ಸಂಗ್ರಹಕ್ಕೆ ಇಳಿಯುತ್ತಾರೆ.

ದೇಶಗಳೂ ಹಾಗೆಯೇ ನಡೆದುಕೊಂಡವು. ಆ ಏಪ್ರಿಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಲೆಕ್ಕ ಹಾಕಿದಾಗ 80 ದೇಶ, ಪ್ರದೇಶಗಳು ರಫ್ತಿಗೆ ತಡೆ ಹಾಕಿದ್ದವು. ಇಂಥ ತಡೆಯನ್ನು ಸಂಸ್ಥೆಗೆ ತಿಳಿಸಬೇಕೆಂಬ ನಿಯಮವಿದ್ದರೂ ತಿಳಿಸಿದ್ದ ಸದಸ್ಯರು 13 ಮಾತ್ರ. ಐರೋಪ್ಯ ಒಕ್ಕೂಟದ ದೇಶಗಳನ್ನು ಬಿಡಿಬಿಡಿಯಾಗಿ ಎಣಿಸಿದರೂ 39. 2021ರಲ್ಲಿ ಅಮೆರಿಕ ಲಸಿಕೆಯ ಕಚ್ಚಾವಸ್ತು ಬಿಡುತ್ತಿಲ್ಲವೆಂದು ಪುಣೆಯ ಸೀರಂ ಸಂಸ್ಥೆ ದೂರಿತು. ಅದೇ ವರ್ಷ ನಾವು ಲಸಿಕೆ ರಫ್ತು ನಿಲ್ಲಿಸಿದಾಗ ಆಫ್ರಿಕದ ದೇಶಗಳು ಕಾದು ಕುಳಿತವು.

ಗಂಗಾವತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಹೇಳದೆ ಕೇಳದೆ ನೀರೆತ್ತಿಕೊಂಡರೆ ಕೊನೆ ಭಾಗದ ಹೊಲ ಒಣಗುತ್ತದೆ. ಅದಕ್ಕೇ ಗೇಜು, ಅದಕ್ಕೇ ಪಾಳಿ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಒಂದು ಆದೇಶ ಎಷ್ಟು ದೂರ ಮುಟ್ಟುತ್ತದೆ ಎಂಬುದನ್ನು ಭತ್ತದ ನಾಡು ಬಲ್ಲದು.

ತನ್ನ ಜನರಿಗೆ ಮೊದಲು ಔಷಧಿ ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಹಸಿದ ಮಕ್ಕಳನ್ನು ಬಿಟ್ಟು ಯಾರೂ ಊರಿಗೆ ಊಟ ಹಾಕುವುದಿಲ್ಲ. ಆದರೆ ತಡೆ ಹಾಕುವಾಗ ಕಾರಣ, ಪ್ರಮಾಣ, ಮುಗಿಯುವ ದಿನ ಮೂರನ್ನೂ ಪ್ರಕಟಿಸಬೇಕು. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಮಹಾಮಾರಿ ಒಪ್ಪಂದವೂ ತುರ್ತು ವ್ಯಾಪಾರ ಕ್ರಮಗಳು ಮಿತವಾಗಿ, ಪಾರದರ್ಶಕವಾಗಿ, ತಾತ್ಕಾಲಿಕವಾಗಿ ಇರಬೇಕೆನ್ನುತ್ತದೆ. ಕಾಗದದ ಮಾತು ಯಲಬುರ್ಗಾದ ಹಳ್ಳಿಯವರೆಗೆ ಬರಬೇಕಾದರೆ ಕೇಳುವವರಿರಬೇಕು.

ನಾವೇನು ಮಾಡಬಹುದು? ನಿತ್ಯ ಔಷಧಿ ಬೇಕಾದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುವಾತದ ರೋಗಿಗಳು ಒಂದು ತಿಂಗಳ ಗುಳಿಗೆಯನ್ನು ಮುಂಚಿತವಾಗಿ ಇಟ್ಟುಕೊಳ್ಳಿ. ಉಳಿದವರು ಸುದ್ದಿ ಕೇಳಿ ಅಂಗಡಿಗೆ ಓಡಬೇಡಿ. ನೀವು ಸುಮ್ಮನೆ ಕೊಂಡ ಗುಳಿಗೆ ಇನ್ನೊಬ್ಬರ ಪಾಲಿನದು. ಕೊಂಡದ್ದಕ್ಕೆ ರಸೀದಿ ಕೇಳಿ, ಮುದ್ರಿತ ಬೆಲೆ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ಔಷಧಿ ಎಷ್ಟಿದೆ ಎಂಬ ಪಟ್ಟಿಯನ್ನು ಗೋಡೆಗೆ ಹಾಕಲು ಗ್ರಾಮಸಭೆಯಲ್ಲಿ ಒತ್ತಾಯಿಸಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ? ರೋಗವಿಲ್ಲದ ಈ ದಿನಗಳಲ್ಲೇ ಲೆಕ್ಕ ಕೇಳುವ ರೂಢಿ ಬೆಳೆಯಲಿ. ಮುಂದಿನ ಸಲ ಆ ತಾಯಿಯ ಫೋನ್ ಬಂದಾಗ, ಗುಳಿಗೆ ಎಲ್ಲಿದೆ ಎಂದು ಹೇಳಲು ನನಗೆ ಗೊತ್ತಿರಬೇಕು.